ಪೊಟ್ಯಾಸಿಯಂ ವರದಿ ಮತ್ತು ಹೃದಯದ ಲಯ: ಎರಡನ್ನೂ ಜೊತೆಗಿಟ್ಟು ಓದುವ ಕ್ರಮ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು ಬಗೆಯವು. "ಪೊಟ್ಯಾಸಿಯಂ 6.1 ಅಂತ ಬಂದಿದೆ, ನಾಡಿ ಮಾತ್ರ 72 ಇದೆ. ಹೃದಯಕ್ಕೇನೂ ಆಗಿಲ್ಲ ಅಲ್ಲವೇ?" ಎಂಬುದು ಒಂದು. "3.0 ಇದೆ, ಎದೆಯಲ್ಲಿ ಬಡಿತ ತಪ್ಪಿದಂತಾಗುತ್ತದೆ. ಹೃದಯದ ಪೇಸ್‌ಮೇಕರ್ ಕೆಟ್ಟಿದೆಯೇ?" ಎಂಬುದು ಇನ್ನೊಂದು. ಎರಡರ ಹಿಂದೆಯೂ ಒಂದೇ ಊಹೆ ಇದೆ: ಪೊಟ್ಯಾಸಿಯಂ ಏರುಪೇರಾದರೆ ಮೊದಲ ಪೆಟ್ಟು ಬೀಳುವುದು ಸಹಜ ಪೇಸ್‌ಮೇಕರ್‌ಗೆ, ಅಂದರೆ ಬಡಿತ ಹುಟ್ಟಿಸುವ ಹೃದಯದ್ದೇ ಕೋಶಗಳಿಗೆ, ನಾಡಿ ಎಣಿಸಿದರೆ ಅದು ಗೊತ್ತಾಗಿಬಿಡುತ್ತದೆ. ಆದರೆ ಪೇಸ್‌ಮೇಕರ್ ಕೋಶಗಳು ಹೃದಯದ ಉಳಿದ ಸ್ನಾಯುವಿಗಿಂತ ಗಟ್ಟಿ ಪಿಂಡ. ಮೊದಲು ಕೆಡುವುದು ಅವುಗಳ ಸಂಕೇತ ಸಾಗುವ ದಾರಿ. ಹಾಗಾಗಿ ನಾಡಿ ಸರಿಯಿದೆ ಎಂದು ಪೊಟ್ಯಾಸಿಯಂ ವರದಿಯನ್ನು ಬದಿಗಿಡುವಂತಿಲ್ಲ.

ಮೊದಲೇ ಹೇಳಿಬಿಡಬೇಕಾದ ಮಾತು: ಪೊಟ್ಯಾಸಿಯಂ 6.5 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ 2.5ಕ್ಕಿಂತ ಕಡಿಮೆ ಬಂದಿದ್ದರೆ ಈ ಲೇಖನ ಓದುತ್ತ ಕೂರಬೇಡಿ, ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಅಂಕಿ ಎಷ್ಟೇ ಇರಲಿ, ತಲೆ ತಿರುಗಿ ಬೀಳುವುದು, ನಾಡಿ 40ರ ಆಸುಪಾಸಿಗೆ ಇಳಿಯುವುದು, ಕೈಕಾಲು ಸೋತು ಎತ್ತಲಾಗದಿರುವುದು, ಉಸಿರು ಕಟ್ಟುವುದು ಇದ್ದರೂ ಅಷ್ಟೇ.

ಕೈಗೆ ಬೇಕಾದವು

ರಕ್ತ ತೆಗೆದ ದಿನಾಂಕ, ಗಂಟೆ ಇರುವ ವರದಿ. ಅದರ ಜೊತೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ), ಮೆಗ್ನೀಸಿಯಂ, ಬೈಕಾರ್ಬನೇಟ್ (ರಕ್ತದ ಆಮ್ಲೀಯತೆಯ ಸುಳಿವು), ರಕ್ತದ ಸಕ್ಕರೆ. ಹನ್ನೆರಡು ಲೀಡ್‌ಗಳ ಇಸಿಜಿ. ನಿಮ್ಮದೇ ಹಳೆಯ ಇಸಿಜಿಯೂ ಇದ್ದರೆ ಬಹಳ ಒಳ್ಳೆಯದು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಪ್ರಮಾಣದ ಸಮೇತ. ಸೆಕೆಂಡಿನ ಮುಳ್ಳಿರುವ ಗಡಿಯಾರ.

1. ಅಂಕಿ ಏನನ್ನು ಅಳೆಯುತ್ತಿದೆ ನೋಡಿ

ವರದಿಯಲ್ಲಿ ಲೀಟರಿಗೆ ಮಿಲಿಮೋಲ್ ಎಂದಿರಬಹುದು, ಮಿಲಿಈಕ್ವಿವಲೆಂಟ್ ಎಂದಿರಬಹುದು. ಪೊಟ್ಯಾಸಿಯಂ ಅಯಾನಿಗೆ ಒಂದೇ ವಿದ್ಯುದಂಶ ಇರುವುದರಿಂದ ಎರಡೂ ಒಂದೇ ಅಂಕಿ, ಪರಿವರ್ತನೆ ಬೇಕಿಲ್ಲ. ವಯಸ್ಕರಲ್ಲಿ ಸಾಮಾನ್ಯ ಮಟ್ಟ 3.5ರಿಂದ 5.0. ಪ್ರಯೋಗಾಲಯಕ್ಕೆ ತಕ್ಕಂತೆ ಮೇಲಿನ ಗಡಿ ಸ್ವಲ್ಪ ಬದಲಾಗುತ್ತದೆ.

ದೇಹದ ಪೊಟ್ಯಾಸಿಯಂನಲ್ಲಿ ಸುಮಾರು ನೂರಕ್ಕೆ 98 ಪಾಲು ಕೋಶಗಳ ಒಳಗಿದೆ. ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಕೇವಲ 4. ರಕ್ತಪರೀಕ್ಷೆ ತೋರಿಸುವುದು ಈ ಹೊರಗಿನ ಚೂರನ್ನು. ಚೂರೇ ಆದರೂ ಹೃದಯಕ್ಕೆ ಲೆಕ್ಕಕ್ಕೆ ಬರುವುದು ಅದೇ. ಕೋಶದ ಒಳಗಿನ ವೋಲ್ಟೇಜ್ ನಿಂತಿರುವುದು ಒಳಗು ಹೊರಗಿನ ಅನುಪಾತದ ಮೇಲೆ. ಒಳಗಿನ 140ರಲ್ಲಿ 2 ಹೆಚ್ಚುಕಡಿಮೆ ಆದರೆ ಗೊತ್ತೇ ಆಗುವುದಿಲ್ಲ. ಹೊರಗಿನ 4ಕ್ಕೆ 2 ಸೇರಿದರೆ ಒಂದೂವರೆ ಪಟ್ಟು.

ನರ್ನ್‌ಸ್ಟ್ ಸಮೀಕರಣದಲ್ಲಿ (ಆ ಅನುಪಾತದಿಂದ ವೋಲ್ಟೇಜ್ ಲೆಕ್ಕಹಾಕುವ ಸೂತ್ರ) ಇಟ್ಟು ನೋಡಿದರೆ, ಹೊರಗೆ 4 ಇದ್ದಾಗ ಪೊಟ್ಯಾಸಿಯಂನ ಸಮತೋಲನ ವೋಲ್ಟೇಜ್, ಅಂದರೆ ಅದರ ಒಳಹರಿವು ಹೊರಹರಿವು ಸಮವಾಗುವ ವೋಲ್ಟೇಜ್, ಸುಮಾರು ಮೈನಸ್ 95 ಮಿಲಿವೋಲ್ಟ್. 6 ಆದರೆ ಮೈನಸ್ 84, 8 ಆದರೆ ಮೈನಸ್ 76. ಕೆಳಗಿಳಿದು 2.5 ಆದರೆ ಮೈನಸ್ 107. ಮುಂದಿನ ಹಂತಗಳಲ್ಲಿ ಈ ಅಂಕಿಗಳು ಬೇಕಾಗುತ್ತವೆ.

2. ಪೇಸ್‌ಮೇಕರ್ ಹೇಗೆ ಮಿಡಿಯುತ್ತದೆ ತಿಳಿದುಕೊಳ್ಳಿ

ಈ ಹಂತವನ್ನು ಹಾರಿಸಿದರೆ ಉಳಿದದ್ದೆಲ್ಲ ಬಾಯಿಪಾಠವಾಗಿಬಿಡುತ್ತದೆ.

ಮೇಲಿನ ಮಹಾಸಿರೆ ಬಲ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಕೋಣೆ) ಸೇರುವ ಜಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಕೋಶಸಮೂಹ ಇದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು ಗುರುತಿಸಿ ವಿವರಿಸಿದರು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ ಹುಟ್ಟುವುದು ಇಲ್ಲಿಂದಲೇ.

ಹೃದಯದ ಸಾಮಾನ್ಯ ಸ್ನಾಯುಕೋಶ ಎರಡು ಬಡಿತಗಳ ನಡುವೆ ಮೈನಸ್ 90 ಮಿಲಿವೋಲ್ಟ್ ಹತ್ತಿರ ಸುಮ್ಮನೆ ಇರುತ್ತದೆ. ಯಾರಾದರೂ ತಟ್ಟಿ ಎಬ್ಬಿಸಬೇಕು. ಸೈನಸ್ ನೋಡ್ ಕೋಶಕ್ಕೆ ಆ ನಿದ್ದೆಯೇ ಇಲ್ಲ. ಮೈನಸ್ 60ರ ಸುತ್ತ ತಳ ಮುಟ್ಟಿದ ಕೂಡಲೇ ತಾನಾಗಿಯೇ ಮೇಲಕ್ಕೆ ತೆವಳಲು ಶುರುಮಾಡುತ್ತದೆ. ಮೈನಸ್ 40ರ ಸುತ್ತಿನ ಹೊಸ್ತಿಲು ದಾಟಿದಾಗ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದು ಬಡಿತದ ಸಂಕೇತ ಹುಟ್ಟುತ್ತದೆ. ಚಾನೆಲ್ ಎಂದರೆ ಕೋಶದ ಪೊರೆಯಲ್ಲಿ ಅಯಾನುಗಳು ನುಸುಳುವ ಪ್ರೋಟೀನ್ ಬಾಗಿಲು. ಆಮೇಲೆ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದು ವೋಲ್ಟೇಜನ್ನು ಮತ್ತೆ ತಳಕ್ಕೆ ಎಳೆಯುತ್ತವೆ. ಈ ಸುತ್ತು ಬದುಕಿರುವಷ್ಟು ಕಾಲವೂ ನಡೆಯುತ್ತದೆ.

ತೆವಳುವಿಕೆಗೆ ಮೊದಲ ತಳ್ಳು ಕೊಡುವ ಪ್ರವಾಹಕ್ಕೆ ಸಂಶೋಧಕರು ಇಟ್ಟ ಹೆಸರು ಫನ್ನಿ ಕರೆಂಟ್, ಅಂದರೆ ವಿಚಿತ್ರ ಪ್ರವಾಹ. ಇದನ್ನು ಸೈನಸ್ ನೋಡ್‌ನಲ್ಲಿ 1979ರಲ್ಲಿ ವಿವರಿಸಲಾಯಿತು. ಹೃದಯದ ಬಹುತೇಕ ಚಾನೆಲ್‌ಗಳು ವೋಲ್ಟೇಜ್ ಏರಿದಾಗ ತೆರೆದರೆ ಇದು ಇಳಿದಾಗ ತೆರೆಯುತ್ತದೆ. ವಿಚಿತ್ರ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಸಾಮಾನ್ಯ ಸ್ನಾಯುವಿನಲ್ಲಿ ಐಕೆ1 ಎಂಬ ಪೊಟ್ಯಾಸಿಯಂ ಚಾನೆಲ್ ವಿಶ್ರಾಂತಿಯಲ್ಲೂ ತೆರೆದಿರುತ್ತದೆ. ಕೋಶವನ್ನು ಪೊಟ್ಯಾಸಿಯಂನ ಸಮತೋಲನ ವೋಲ್ಟೇಜಿಗೆ ಗೂಟಕ್ಕೆ ಕಟ್ಟಿದಂತೆ ಕಟ್ಟಿಹಾಕುವುದು ಅದೇ. ಹೊರಗಿನ ಪೊಟ್ಯಾಸಿಯಂ 4ರಿಂದ 8ಕ್ಕೆ ಏರಿದರೆ ಗೂಟವೇ ಮೈನಸ್ 95ರಿಂದ ಮೈನಸ್ 76ಕ್ಕೆ ಸರಿಯುತ್ತದೆ, ಕೋಶವೂ ಹಿಂದೆಯೇ ಸರಿಯುತ್ತದೆ. ಹಾಗೆ ಸರಿದಾಗ ಸೋಡಿಯಂ ಚಾನೆಲ್‌ಗಳಲ್ಲಿ ದೊಡ್ಡ ಪಾಲು ಮುಚ್ಚಿ ಬೀಗ ಬೀಳುತ್ತದೆ. ಈ ಸ್ನಾಯುವಿನಲ್ಲಿ ಸಂಕೇತ ವೇಗವಾಗಿ ಹರಡುವುದು ಸೋಡಿಯಂ ಚಾನೆಲ್‌ಗಳಿಂದ. ಅವು ಮುಚ್ಚಿದರೆ ಸಂಕೇತ ಕುಂಟುತ್ತದೆ.

ಸೈನಸ್ ನೋಡ್‌ನಲ್ಲಿ ಐಕೆ1 ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಸಂಕೇತ ಸೋಡಿಯಂ ಚಾನೆಲ್‌ಗಳನ್ನು ನೆಚ್ಚಿಕೊಂಡಿಲ್ಲ, ಕ್ಯಾಲ್ಸಿಯಂ ಚಾನೆಲ್‌ಗಳನ್ನು ನೆಚ್ಚಿಕೊಂಡಿದೆ. ಹಾಗಾಗಿ ಪೊಟ್ಯಾಸಿಯಂ ಏರಿದಾಗ ಮೊದಲು ಸೊರಗುವುದು ಹೃತ್ಕರ್ಣದ ಸ್ನಾಯು, ಆಮೇಲೆ ಕೆಳಗಿನ ಕೋಣೆಯಾದ ಹೃತ್ಕುಕ್ಷಿಯದು. ಸೈನಸ್ ನೋಡ್ ಬಹಳ ಹೊತ್ತು ಮಿಡಿಯುತ್ತಲೇ ಇರುತ್ತದೆ. ಕೆಲವೊಮ್ಮೆ ಹೃತ್ಕರ್ಣ ಪೂರ್ತಿ ಮೌನವಾಗಿದ್ದರೂ ನೋಡ್‌ನ ಸಂಕೇತ ಹೃತ್ಕರ್ಣದೊಳಗಿನ ವಿಶೇಷ ವಾಹಕ ಹಾದಿಗಳ ಮೂಲಕ ಕೆಳಗಿಳಿದು ಹೃತ್ಕುಕ್ಷಿಯನ್ನು ಬಡಿಸುತ್ತದೆ. ಇದಕ್ಕೆ ಸೈನೋವೆಂಟ್ರಿಕ್ಯುಲರ್ ಲಯ ಎನ್ನುತ್ತಾರೆ. ಇಸಿಜಿಯಲ್ಲಿ ಹೃತ್ಕರ್ಣದ ಗುರುತಾದ ಪಿ ಅಲೆ ಕಾಣದಿದ್ದರೆ ಪೇಸ್‌ಮೇಕರ್ ಸತ್ತಿದೆ ಎಂದು ತೀರ್ಮಾನಿಸುವವರು ಇಲ್ಲೇ ಎಡವುತ್ತಾರೆ.

ತಾಳಿಕೆಗೂ ಮಿತಿ ಉಂಟು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಡಿತವನ್ನು ಬೇಕೆಂದೇ ನಿಲ್ಲಿಸಲು ಹೃದಯದ ರಕ್ತನಾಳಗಳಿಗೆ ಲೀಟರಿಗೆ ಸುಮಾರು 15ರಿಂದ 30 ಮಿಲಿಮೋಲ್ ಪೊಟ್ಯಾಸಿಯಂ ಇರುವ ದ್ರಾವಣ ಹರಿಸುತ್ತಾರೆ. ಆ ಮಟ್ಟದಲ್ಲಿ ನೋಡ್ ಸೇರಿದಂತೆ ಎಲ್ಲವೂ ಸ್ತಬ್ಧ.

3. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ

15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಬಡಿತ ತಪ್ಪುತ್ತಿದ್ದರೆ ಆ ಲೆಕ್ಕ ಸುಳ್ಳಾಗುತ್ತದೆ. ಸಂಖ್ಯೆಯ ಜೊತೆಗೆ ಎಷ್ಟು ಬಾರಿ ತಪ್ಪಿತು ಎಂದೂ ಬರೆದಿಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಸಂಖ್ಯೆ ಕೊಡುತ್ತದೆ, ಆದರೆ ಲಯ ಯಾವುದು, ಅಲೆಯ ಆಕಾರ ಹೇಗಿದೆ ಎಂಬುದನ್ನು ಇಸಿಜಿಯಂತೆ ತೋರಿಸಲಾರದು.

4. ಏರಿದ ಅಂಕಿ ನಿಜವೇ ಎಂದು ಪರೀಕ್ಷಿಸಿ

ವರದಿಯಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದು ದೇಹದಲ್ಲಿ ಹೆಚ್ಚಿಲ್ಲದಿರುವುದು ಅಪರೂಪವಲ್ಲ. ಒಳಗೆ 140, ಹೊರಗೆ 4 ಎಂಬುದನ್ನು ನೆನಪಿಡಿ. ಟ್ಯೂಬಿನಲ್ಲಿ ಕೆಲವೇ ಕೋಶ ಒಡೆದರೂ ಅಂಕಿ ಜಿಗಿಯುತ್ತದೆ. ಹೀಗಾಗುವ ಸಂದರ್ಭಗಳು:

- ರಕ್ತ ತೆಗೆಯುವಾಗ ಮುಷ್ಟಿಯನ್ನು ಬಿಗಿದು ಬಿಡುತ್ತಿರುವುದು, ತೋಳಿನ ಪಟ್ಟಿಯನ್ನು ಬಹಳ ಹೊತ್ತು ಕಟ್ಟಿಟ್ಟಿರುವುದು. ದುಡಿಯುವ ಸ್ನಾಯು ಪೊಟ್ಯಾಸಿಯಂ ಬಿಡುತ್ತದೆ. ಇದೊಂದರಿಂದಲೇ ಅಂಕಿ 1ರಷ್ಟು ಏರಬಹುದು.
- ತೆಳು ಸೂಜಿಯಲ್ಲಿ ಜೋರಾಗಿ ಎಳೆದು ಕೆಂಪು ರಕ್ತಕಣ ಒಡೆದಿರುವುದು. ವರದಿಯ ಅಡಿಯಲ್ಲಿ ಹಿಮೊಲೈಸ್ಡ್ ಎಂದು ಬರೆದಿದ್ದರೆ ಇದೇ.
- ಮಾದರಿಯನ್ನು ಗಂಟೆಗಟ್ಟಲೆ ಹಾಗೇ ಬಿಟ್ಟಿರುವುದು ಅಥವಾ ಸೀರಂ ಬೇರ್ಪಡಿಸದೆ ಫ್ರಿಜ್‌ನಲ್ಲಿಟ್ಟಿರುವುದು. ತಣ್ಣಗಾದರೆ ಪೊಟ್ಯಾಸಿಯಂ ಒಳಗೆಳೆಯುವ ಪಂಪ್ ನಿಧಾನಿಸಿ ಸೋರಿಕೆ ಹೆಚ್ಚುತ್ತದೆ.
- ಪ್ಲೇಟ್‌ಲೆಟ್ ಸಂಖ್ಯೆ ತೀರಾ ಹೆಚ್ಚಿರುವುದು. ರಕ್ತ ಹೆಪ್ಪುಗಟ್ಟುವಾಗ ಅವು ಪೊಟ್ಯಾಸಿಯಂ ಬಿಡುತ್ತವೆ. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ಪ್ಲಾಸ್ಮಾ ಪರೀಕ್ಷೆ ಮಾಡಿಸಿದರೆ ನಿಜಾಂಶ ಸಿಗುತ್ತದೆ.
- ನೇರಳೆ ಮುಚ್ಚಳದ ಟ್ಯೂಬಿನಿಂದ ರಕ್ತ ಇನ್ನೊಂದಕ್ಕೆ ಬೆರೆತಿರುವುದು. ಅದರಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಪೊಟ್ಯಾಸಿಯಂ ಲವಣದ ರೂಪದ್ದು, ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ ಕೂಡ. ಪೊಟ್ಯಾಸಿಯಂ ವಿಪರೀತ ಹೆಚ್ಚು, ಕ್ಯಾಲ್ಸಿಯಂ ವಿಪರೀತ ಕಡಿಮೆ ಎರಡೂ ಒಟ್ಟಿಗೆ ಬಂದರೆ ಮೊದಲು ಟ್ಯೂಬನ್ನೇ ಅನುಮಾನಿಸಿ.

ಇದಕ್ಕೆ ಎದುರು ತಪ್ಪೂ ಇದೆ, ಮತ್ತು ಹೆಚ್ಚು ಅಪಾಯದ್ದು ಅದೇ. ಮೂತ್ರಪಿಂಡದ ಕಾಯಿಲೆ ಇರುವವರ ವರದಿಯಲ್ಲಿ ಹಿಮೊಲೈಸ್ಡ್ ಎಂದಿದೆ ಎಂಬ ಕಾರಣಕ್ಕೆ 6.4 ಅನ್ನು ತಳ್ಳಿಹಾಕುವುದು. ಕಣಗಳೂ ಒಡೆದಿರಬಹುದು, ಪೊಟ್ಯಾಸಿಯಂ ನಿಜವಾಗಿಯೂ ಏರಿರಬಹುದು. ಅದೇ ದಿನ ಮರುಪರೀಕ್ಷೆ, ಅದು ಬರುವಷ್ಟರಲ್ಲಿ ಇಸಿಜಿ: ಇದಕ್ಕಿಂತ ಕಡಿಮೆ ಮಾಡಬಾರದು.

5. ಏರಿಕೆಯ ಗುರುತನ್ನು ಇಸಿಜಿಯಲ್ಲಿ ಹುಡುಕಿ

ಸಾಮಾನ್ಯ ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮಿಲಿಮೀಟರ್ ಓಡಿದ ಕಾಗದದಲ್ಲಿ, ಸಣ್ಣ ಚೌಕ 40 ಮಿಲಿಸೆಕೆಂಡು, ದೊಡ್ಡ ಚೌಕ 200. ಪಿ ಅಲೆ ಹೃತ್ಕರ್ಣದ್ದು. ಕ್ಯೂಆರ್‌ಎಸ್ ಹೃತ್ಕುಕ್ಷಿ ಚುರುಕಾಗುವುದು. ಟಿ ಅಲೆ ಅದು ಮತ್ತೆ ಸಜ್ಜಾಗುವುದು. ಸೈನಸ್ ನೋಡ್‌ನ ಸ್ವಂತ ಮಿಡಿತ ಇಸಿಜಿಯಲ್ಲಿ ಕಾಣುವುದೇ ಇಲ್ಲ, ಅಷ್ಟು ಚಿಕ್ಕದು.

ಏರಿಕೆಯಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಹೀಗೆ. ಮೊದಲು ಟಿ ಅಲೆ ಎತ್ತರವಾಗಿ, ಕಿರಿದಾಗಿ, ಎರಡೂ ಬದಿ ಸಮವಾಗಿ ಡೇರೆಯಂತೆ ನಿಲ್ಲುತ್ತದೆ. ಆಮೇಲೆ ಪಿ ಅಲೆ ಚಪ್ಪಟೆಯಾಗುತ್ತದೆ, ಪಿಆರ್ ಅಂತರ (ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗೆ) ಐದು ಸಣ್ಣ ಚೌಕ ಮೀರುತ್ತದೆ, ಕೊನೆಗೆ ಪಿ ಮಾಯ. ಬಳಿಕ ಕ್ಯೂಆರ್‌ಎಸ್ ಮೂರು ಸಣ್ಣ ಚೌಕ ದಾಟಿ ಅಗಲವಾಗುತ್ತದೆ. ಕ್ಯೂಆರ್‌ಎಸ್ ಮತ್ತು ಟಿ ಬೆರೆತು ಹಾವಿನ ಹರಿದಾಟದಂತಾದರೆ ಹೃದಯ ಸ್ತಂಭನ ಬಾಗಿಲಲ್ಲಿದೆ.

ಪುಸ್ತಕಗಳು ಈ ಸಾಲಿಗೆ 5.5, 6.5, 7, 8 ಎಂದು ಅಂಕಿ ಹೊಂದಿಸುತ್ತವೆ. ಅದನ್ನು ಅಕ್ಷರಶಃ ನಂಬಬೇಡಿ. ಮೂತ್ರಪಿಂಡದ ಹಳೆಯ ಕಾಯಿಲೆಯಲ್ಲಿ 7 ಇದ್ದೂ ಇಸಿಜಿ ಸಪ್ಪೆಯಾಗಿರಬಹುದು. ದಿಢೀರ್ ಏರಿದವರಲ್ಲಿ 6.3ಕ್ಕೇ ಲಯ ಕೆಡಬಹುದು. ಏರಿದ ವೇಗ, ರಕ್ತದ ಆಮ್ಲೀಯತೆ, ಕ್ಯಾಲ್ಸಿಯಂ ಮಟ್ಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಸಿಜಿ ಕೆಟ್ಟಿದ್ದರೆ ತುರ್ತು ಖಚಿತ. ಇಸಿಜಿ ಚೆನ್ನಾಗಿದ್ದರೆ ಅಪಾಯ ಇಲ್ಲ ಎಂದೇನೂ ಅಲ್ಲ.

ಪೇಸ್‌ಮೇಕರ್ ಗಟ್ಟಿ ಎಂದೆವಲ್ಲ, ಅದಕ್ಕೊಂದು ದೊಡ್ಡ ಅಪವಾದ ಇದೆ. ಬಡಿತ ನಿಧಾನಿಸುವ ಔಷಧಗಳಾದ ಬೀಟಾ ಬ್ಲಾಕರ್, ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ತೆಗೆದುಕೊಳ್ಳುವವರಲ್ಲಿ ಮೂತ್ರಪಿಂಡ ದಿಢೀರ್ ಸೋತರೆ ಔಷಧವೂ ಪೊಟ್ಯಾಸಿಯಂ ಸಹ ಸೇರಿಕೊಂಡು ಬಡಿತವನ್ನು ಹಿಂಡುತ್ತವೆ. ಬಡಿತ ನಿಧಾನವಾದರೆ ಮೂತ್ರಪಿಂಡಕ್ಕೆ ರಕ್ತ ಕಡಿಮೆ, ರಕ್ತ ಕಡಿಮೆಯಾದರೆ ಪೊಟ್ಯಾಸಿಯಂ ಇನ್ನೂ ಹೆಚ್ಚು. ಇದಕ್ಕೆ ಬ್ರ್ಯಾಶ್ ಸಿಂಡ್ರೋಮ್ ಎಂಬ ಹೆಸರಿದೆ. ಪೊಟ್ಯಾಸಿಯಂ 5.8 ಮಾತ್ರ, ಮಾತ್ರೆಯ ಪ್ರಮಾಣ ಮಾಮೂಲಿನದೇ, ಆದರೂ ನಾಡಿ 35 ಎಂಬ ಒಗಟು ಹುಟ್ಟುವುದು ಹೀಗೆ. ವಾಂತಿಭೇದಿಯಾಗಿ ದೇಹ ಒಣಗಿದಾಗ ಶುರುವಾಗುವುದು ಹೆಚ್ಚು.

6. ಇಳಿಕೆಯಾದರೆ ಲೆಕ್ಕ ಬೇರೆ

ಹೊರಗಿನ ಪೊಟ್ಯಾಸಿಯಂ ಇಳಿದರೆ ಸಮತೋಲನ ವೋಲ್ಟೇಜ್ ಇನ್ನಷ್ಟು ಕೆಳಗಿಳಿಯುತ್ತದೆ, ಹಾಗಾಗಿ ಕೋಶ ಇನ್ನೂ ಶಾಂತವಾಗಬೇಕು ಎಂದು ತೋರುತ್ತದೆ. ಆಗುವುದು ಉಲ್ಟಾ. ಹೊರಗೆ ಪೊಟ್ಯಾಸಿಯಂ ಕಡಿಮೆಯಾದರೆ ಐಕೆ1 ಚಾನೆಲ್‌ಗಳ ಹರಿವೇ ಕುಗ್ಗುತ್ತದೆ. ಗೂಟ ಆಳಕ್ಕೆ ಹೋಯಿತು, ಹಗ್ಗ ಸಡಿಲವಾಯಿತು. ಸೈನಸ್ ನೋಡ್ ಸುಸ್ಥಿತಿಯಲ್ಲಿದ್ದರೂ ಹೃತ್ಕುಕ್ಷಿಯ ಪರ್ಕಿಂಜೆ ನಾರುಗಳು, ಅಂದರೆ ಸಂಕೇತ ಒಯ್ಯುವ ತಂತುಗಳು, ತಾವೇ ಮಿಡಿಯಲು ತೊಡಗುತ್ತವೆ. ನಿಮಗೆ ಅನ್ನಿಸುವ ತಪ್ಪಿದ ಬಡಿತ ಹಲವು ಸಲ ಇಂಥ ಅನಧಿಕೃತ ಪೇಸ್‌ಮೇಕರ್‌ನ ಕೆಲಸ.

ಬಡಿತದ ಕೊನೆಯಲ್ಲಿ ಕೋಶವನ್ನು ತಳಕ್ಕೆ ಎಳೆಯುವ ಪೊಟ್ಯಾಸಿಯಂ ಪ್ರವಾಹವೂ ದುರ್ಬಲವಾಗುತ್ತದೆ. ಅದು ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ, ಅದರ ಹಿಂದೆ ಯು ಎಂಬ ಮತ್ತೊಂದು ಉಬ್ಬು ಎದ್ದಂತೆ ಕಾಣುತ್ತದೆ. ಕ್ಯೂಟಿ ಅಂತರ, ಅಂದರೆ ಕ್ಯೂಆರ್‌ಎಸ್ ಶುರುವಿನಿಂದ ಟಿ ಮುಗಿಯುವವರೆಗಿನ ಹೊತ್ತು, ಉದ್ದವಾಗುತ್ತದೆ. ಬಡಿತದ ವೇಗಕ್ಕೆ ಹೊಂದಿಸಿದ ಲೆಕ್ಕದಲ್ಲಿ ಅದು 500 ಮಿಲಿಸೆಕೆಂಡು ಮೀರಿದರೆ ಟಾರ್ಸಾಡ್ಸ್ ಎಂಬ ಮಾರಕ ಲಯದ ಭಯ. ಡಿಗಾಕ್ಸಿನ್ ಎಂಬ ಹೃದಯದ ಔಷಧ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಬೇಗ: ಆ ಔಷಧವೂ ಪೊಟ್ಯಾಸಿಯಂ ಅಯಾನೂ ಕೋಶದ ಪಂಪಿನ ಮೇಲೆ ಪೈಪೋಟಿ ನಡೆಸುತ್ತವೆ, ಪೊಟ್ಯಾಸಿಯಂ ಕಡಿಮೆಯಾದರೆ ಡಿಗಾಕ್ಸಿನ್ ಗೆಲ್ಲುತ್ತದೆ.

7. ಮಾತ್ರೆಗಳ ಪಟ್ಟಿಯನ್ನು ವರದಿಯ ಪಕ್ಕದಲ್ಲಿಡಿ

ಏರಿಸುವವು: ಎನಲಾಪ್ರಿಲ್, ರಾಮಿಪ್ರಿಲ್ ಗುಂಪು, ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪು, ಸ್ಪೈರೊನೊಲ್ಯಾಕ್ಟೋನ್, ಅಮಿಲೊರೈಡ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು, ಟ್ರೈಮೆಥೊಪ್ರಿಮ್ ಇರುವ ಆ್ಯಂಟಿಬಯಾಟಿಕ್, ಹೆಪಾರಿನ್, ಟ್ಯಾಕ್ರೊಲಿಮಸ್. ಇಳಿಸುವವು: ಫ್ಯೂರೊಸೆಮೈಡ್, ಹೈಡ್ರೊಕ್ಲೋರೊಥಯಾಜೈಡ್, ಇನ್ಸುಲಿನ್, ಸಾಲ್ಬುಟಮಾಲ್, ಸ್ಟೆರಾಯ್ಡ್, ಅತಿಯಾದ ಭೇದಿ ಔಷಧ.

ಮರೆತುಹೋಗುವ ವಸ್ತು ಒಂದಿದೆ: ಸೋಡಿಯಂ ಕಡಿಮೆ ಎಂದು ಮಾರುವ ಬದಲಿ ಉಪ್ಪು. ಅದರಲ್ಲಿ ಸೋಡಿಯಂ ಜಾಗದಲ್ಲಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್. 1 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಎಂದರೆ ಸುಮಾರು 13 ಮಿಲಿಮೋಲ್, ಹೆಚ್ಚುಕಡಿಮೆ 520 ಮಿಲಿಗ್ರಾಂ ಪೊಟ್ಯಾಸಿಯಂ. ಮೂತ್ರಪಿಂಡ ಚೆನ್ನಾಗಿರುವವರು ಅದನ್ನು ಹೊರಹಾಕುತ್ತಾರೆ. ಮೂತ್ರಪಿಂಡ ಸೋತಿದ್ದು, ಮೇಲಿನ ಮೊದಲ ಪಟ್ಟಿಯ ಮಾತ್ರೆಯೂ ಇದ್ದರೆ ಅದು ಔಷಧಕ್ಕೆ ಸಮ, ವೈದ್ಯರಿಗೆ ಹೇಳಲೇಬೇಕು.

ಪಟ್ಟಿ ನೋಡಿ ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ. ಹೃದಯ ವೈಫಲ್ಯಕ್ಕೆ ಕೊಟ್ಟ ಸ್ಪೈರೊನೊಲ್ಯಾಕ್ಟೋನ್ ಆಯುಸ್ಸು ಹೆಚ್ಚಿಸುವ ಔಷಧ. ಪ್ರಮಾಣ ಇಳಿಸಬೇಕೇ, ನಿಲ್ಲಿಸಬೇಕೇ, ಪೊಟ್ಯಾಸಿಯಂ ಹಿಡಿದಿಡುವ ಪುಡಿ ಸೇರಿಸಬೇಕೇ ಎಂಬುದು ಅದನ್ನು ಬರೆದುಕೊಟ್ಟವರು ತೂಗಿ ನೋಡಬೇಕಾದ್ದು.

8. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ, ಯಾಕೆ

ಏರಿಕೆಯಲ್ಲಿ ಇಸಿಜಿ ಕೆಟ್ಟಿದ್ದರೆ ಮೊದಲ ಔಷಧ ಶೇಕಡಾ 10ರ ಕ್ಯಾಲ್ಸಿಯಂ ಗ್ಲುಕೊನೇಟ್, ನರಕ್ಕೆ ನಿಧಾನವಾಗಿ, 10ರಿಂದ 30 ಮಿಲಿಲೀಟರ್. ಇದು ಪೊಟ್ಯಾಸಿಯಂ ಅನ್ನು ಒಂದಿಷ್ಟೂ ಇಳಿಸುವುದಿಲ್ಲ, ಸ್ನಾಯುಪೊರೆಯನ್ನು ಕಾಯುತ್ತದೆ ಅಷ್ಟೇ. ಕೆಲವೇ ನಿಮಿಷಗಳಲ್ಲಿ ಅಲೆ ಸುಧಾರಿಸುತ್ತದೆ, ಪರಿಣಾಮ 30ರಿಂದ 60 ನಿಮಿಷ. ಇಸಿಜಿ ಸರಿಯಾಯಿತೆಂದು ಮನೆಗೆ ಕರೆದೊಯ್ಯಲು ಹಟ ಮಾಡುವ ಮನೆಯವರು ಇದನ್ನು ತಿಳಿದಿರಬೇಕು.

ಎರಡನೆಯದು ಪೊಟ್ಯಾಸಿಯಂ ಅನ್ನು ಕೋಶಗಳ ಒಳಗೆ ತಳ್ಳುವುದು. ಸಾಮಾನ್ಯವಾಗಿ 10 ಯೂನಿಟ್ ಇನ್ಸುಲಿನ್, ಜೊತೆಗೆ 25 ಗ್ರಾಂ ಗ್ಲೂಕೋಸ್. 10ರಿಂದ 20 ನಿಮಿಷದಲ್ಲಿ ಶುರು, 4ರಿಂದ 6 ಗಂಟೆ ಕೆಲಸ. ತಪ್ಪುವುದು ಇಲ್ಲಿ: ಗ್ಲೂಕೋಸ್ ಮುಗಿದರೂ ಇನ್ಸುಲಿನ್ ಉಳಿದು ಸಕ್ಕರೆ ಕುಸಿಯುತ್ತದೆ, ಆದ್ದರಿಂದ ಆರು ಗಂಟೆಯವರೆಗೆ ಸಕ್ಕರೆ ನೋಡುತ್ತಿರಬೇಕು. ನೆಬ್ಯುಲೈಸರ್‌ನಲ್ಲಿ ಸಾಲ್ಬುಟಮಾಲ್ ಕೊಟ್ಟರೆ ಪ್ರಮಾಣ 10ರಿಂದ 20 ಮಿಲಿಗ್ರಾಂ, ಉಬ್ಬಸಕ್ಕೆ ಕೊಡುವುದಕ್ಕಿಂತ ಎಷ್ಟೋ ಹೆಚ್ಚು; ನಾಡಿ ಓಡುತ್ತದೆ, ಕೈ ನಡುಗುತ್ತದೆ. ಮೂರನೆಯದು ದೇಹದಿಂದಲೇ ಹೊರಗೆ ಕಳಿಸುವುದು: ಮೂತ್ರವರ್ಧಕ, ಕರುಳಿನಲ್ಲಿ ಹಿಡಿದಿಡುವ ಪುಡಿ, ಇಲ್ಲವೇ ಡಯಾಲಿಸಿಸ್.

ಇಳಿಕೆಯಲ್ಲಿ ಆದಷ್ಟೂ ಬಾಯಿಯ ಮೂಲಕ ಪೊಟ್ಯಾಸಿಯಂ ಕ್ಲೋರೈಡ್. ಮಾತ್ರೆಯಾದರೆ ನೆಟ್ಟಗೆ ಕುಳಿತು ಒಂದು ಲೋಟ ನೀರಿನ ಜೊತೆ ನುಂಗಿ, ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ. ನರಕ್ಕೆ ಕೊಡುವಾಗ ಮಾಮೂಲು ವೇಗ ಗಂಟೆಗೆ 10 ಮಿಲಿಮೋಲ್. 20ಕ್ಕೆ ಏರಿಸಿದರೆ ಮಾನಿಟರ್ ಕಡ್ಡಾಯ. ಕೈಯ ನರದಲ್ಲಿ ದ್ರಾವಣ ಸಾಮಾನ್ಯವಾಗಿ ಲೀಟರಿಗೆ 40 ಮಿಲಿಮೋಲ್ ದಾಟಬಾರದು, ಉರಿಯುತ್ತದೆ. ತೆಳುಗೊಳಿಸದ ಪೊಟ್ಯಾಸಿಯಂ ಅನ್ನು ಒಮ್ಮೆಲೇ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಎರಡನೇ ಹಂತದಲ್ಲಿ ಹೇಳಿದ ಶಸ್ತ್ರಚಿಕಿತ್ಸೆಯ ದ್ರಾವಣ ಬೇಕೆಂದೇ ಮಾಡುವ ಕೆಲಸವನ್ನು ಇದು ತಪ್ಪಿನಿಂದ ಮಾಡಿಬಿಡುತ್ತದೆ.

ಪ್ರಮಾಣದ ಅಂದಾಜು: ರಕ್ತದ ಅಂಕಿ 0.3 ಇಳಿದರೆ ದೇಹದಲ್ಲಿ ಸುಮಾರು 100 ಮಿಲಿಮೋಲ್ ಕೊರತೆ. 2.9 ಇದ್ದವರಿಗೆ ಒಂದು ದಿನದ ಮಾತ್ರೆಯಲ್ಲಿ ಸರಿಹೋಗದಿದ್ದರೆ ಅಚ್ಚರಿ ಬೇಡ.

9. ಮರುಪರೀಕ್ಷೆಯ ಗಂಟೆಯನ್ನು ಕೇಳಿ ಬರೆದುಕೊಳ್ಳಿ

ಏರಿಕೆಗೆ ಇನ್ಸುಲಿನ್ ಪಡೆದವರಲ್ಲಿ ಕೋಶದೊಳಗೆ ತಳ್ಳಿದ ಪೊಟ್ಯಾಸಿಯಂ ಕೆಲವು ಗಂಟೆಗಳಲ್ಲಿ ಮತ್ತೆ ಹೊರಬರುತ್ತದೆ. ಮೊದಲ ಮರುಪರೀಕ್ಷೆ ಒಂದೆರಡು ಗಂಟೆಗೆ, ಮತ್ತೊಂದು 4ರಿಂದ 6 ಗಂಟೆಗೆ ಆಗಬೇಕು. ಮೊದಲನೆಯದರಲ್ಲಿ 5.4 ಬಂದು ಎರಡನೆಯದರಲ್ಲಿ 6.2 ಬಂದರೆ ಪ್ರಯೋಗಾಲಯ ತಪ್ಪಿತೆಂದಲ್ಲ, ದೇಹದಿಂದ ಹೊರಗೆ ಕಳಿಸುವ ಮೂರನೆಯ ಕೆಲಸ ಬಾಕಿ ಇದೆ ಎಂದರ್ಥ. ಎನಲಾಪ್ರಿಲ್, ಲೊಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಹೊಸದಾಗಿ ಶುರುವಾದಾಗ ಅಥವಾ ಪ್ರಮಾಣ ಏರಿದಾಗ ಒಂದೆರಡು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಎರಡನ್ನೂ ನೋಡಿಸಿ.

ಇಳಿಕೆಯಲ್ಲಿ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಅಂಕಿ ಏಳದಿದ್ದರೆ ಮೆಗ್ನೀಸಿಯಂ ಕೇಳಿ. ಮೂತ್ರಪಿಂಡದ ಕೋಶದೊಳಗಿನ ಮೆಗ್ನೀಸಿಯಂ ಅಲ್ಲಿನ ಪೊಟ್ಯಾಸಿಯಂ ಚಾನೆಲ್‌ಗೆ ಬಿರಡೆಯಂತೆ ಕೂತಿರುತ್ತದೆ. ಬಿರಡೆ ಇಲ್ಲದಿದ್ದರೆ ಕೊಟ್ಟದ್ದೆಲ್ಲ ಮೂತ್ರಕ್ಕೆ ಹರಿದುಹೋಗುತ್ತದೆ. ಮೊದಲು ಮೆಗ್ನೀಸಿಯಂ ತುಂಬಿಸಿದರೆ ಅದೇ ಪ್ರಮಾಣದ ಪೊಟ್ಯಾಸಿಯಂ ನಿಲ್ಲತೊಡಗುತ್ತದೆ.